ಮುಂಜಾನೆಯ ಅಪ್ಪಣೆ

ನಿಪ್ಪಾಣಿಯಲ್ಲಿ ನನ್ನ ಪುಸ್ತಕದ ಅಂಗಡಿಯ ಎದುರಿಗೆ ಒಂದು ಸಣ್ಣ ಮಳಿಗೆ ಇದೆ. ಅದರ ಮಾಲಕ ತಂಬಾಕಿನಲ್ಲಿ ಗಳಿಸಿದ ಅಪ್ಪನ ಮಗ. ಅವನ ಸಾಧನೆ ಅಷ್ಟೇ. ಕೊಗನೊಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಮುಸ್ಲಿಂ ಹೆಣ್ಣುಮಗಳಿಗೆ ಹೊಲಿಗೆ ಅಂಗಡಿ ಇಡಲು ಅದನ್ನು ಕೊಟ್ಟ. ಬಾಡಿಗೆಗಲ್ಲ, ಲೈಸನ್ಸಿನ ಮೇಲೆ. ಕರಾರಿಗೆ ಸಾಕ್ಷಿಯಾಗಿ ನಾನು ಸಹಿ ಮಾಡಿದೆ. ಮಾಡುವ ಮೊದಲು ಪೂರ್ತಿ ಓದಿದೆ.

ಬಾಡಿಗೆದಾರನಿಗೆ ಜಾಗದ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಲೈಸನ್ಸುದಾರನಿಗೆ ಹುಟ್ಟುವುದಿಲ್ಲ. ಒಳಗೆ ಬಂದು ಕೆಲಸ ಮಾಡಿಕೊಳ್ಳಲು ಅಪ್ಪಣೆ ಇರುತ್ತದೆ, ಅಷ್ಟೇ. ಜಾಗದ ಸ್ವಾಧೀನ ಮಾಲಕನದೇ. ಮದುವೆಗೆ ಒಂದು ದಿನ ಹಾಲ್ ಕೊಡುವವರು ಹೀಗೆ ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಇಡೀ ಮಳಿಗೆಯನ್ನು ವರ್ಷಗಟ್ಟಲೆ ಒಬ್ಬಳಿಗೇ ಕೊಟ್ಟು ಅದನ್ನು ಅಪ್ಪಣೆ ಎಂದು ಕರೆಯುವುದು ಬೇರೆ ಮಾತು.

ಕರಾರು ಬರೆದ ವಕೀಲ ಮಾಲಕನಿಗೆ ನನ್ನೆದುರೇ ಹೇಳಿದ್ದ: "ಚಾವಿ ನಿಮ್ಮ ಹಂತೇಕ ಇರಲಿ. ದಿನಾ ನೀವ ತಗೀರಿ. ನಾಕ ಮಂದಿ ನೋಡಲಿ."

ಆ ನಾಲ್ಕು ಮಂದಿ ಎಂದರೆ ನಾನೊಬ್ಬನೇ. ಅವಳು ಬುತ್ತಿಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮಾಲಕ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬರುತ್ತಿದ್ದ. ಬೀಗ ತೆಗೆದು, ಶಟರ್ ಎತ್ತಿ, ನಾನು ನೋಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ನೊರೆ ಉಗುಳಿ ಹೇಳುತ್ತಿದ್ದ: "ಹೂಂ, ಹೋಗು ಒಳಗ."

ಅವನು ಮರೆಯಾದ ಮೇಲೆ ಅವಳು ನನಗೆ ಕೂಗುತ್ತಿದ್ದಳು: "ಕಾಕಾ, ದರ್ಬಾರ ಚಾಲೂ ಆತ ನೋಡ್ರಿ!"

ಚಳಿಗಾಲ ಬಂತು. ದೊಡ್ಡಸ್ತಿಕೆಗೆ ಚಳಿ ತಾಳದು. ಒಂದು ಮುಂಜಾನೆ ಅವನು ಶಾಲು ಹೊದ್ದು ಬಂದು ಚಾವಿಯನ್ನು ಅವಳ ಡಬ್ಬಿಯ ಮೇಲೆ ಇಟ್ಟ. "ಬಾಯೀ, ಇನ್ನ ಮ್ಯಾಲ ಇದನ್ನ ನೀನ ಇಟ್ಗೋ. ದಿನಾ ನಸಕಿನ್ಯಾಗ ಎದ್ದ ಬರಾಕ ನಾ ಏನ ಹಾಲಿನಾಂವ ಅದೀನಿ?" ಎಂದು ತಾನೇ ನಕ್ಕ. ಆಮೇಲೆ ಅವನು ಬೀಗ ತೆಗೆಯಲು ಎಂದೂ ಬರಲಿಲ್ಲ. ಚಾವಿ ಅವಳ ಸೊಂಟದಲ್ಲೇ ಇತ್ತು.

ಕೆಲವು ವರ್ಷಗಳ ನಂತರ ಅವನ ಅಳಿಯನಿಗೆ ಮೊಬೈಲ್ ಅಂಗಡಿ ಹಾಕುವ ಆಸೆಯಾಯಿತು. ಮಾಲಕ ಮೆಟ್ಟಿಲ ಬಳಿ ನಿಂತು ಅವಳಿಗೆ ಹೇಳಿದ: "ನಾಳೆ ಮಷೀನ್ ಎತ್ತು. ನೀ ಲೈಸನ್ಸಿನಾಕಿ. ನಾ ಬ್ಯಾಡಂದ್ರ ಮುಗೀತು."

"ಹಬ್ಬದ ಅರಿಬಿ ಒಳಗ ಅದಾವ್ರಿ, ಮಂದೀವು. ಗಿರಾಕಿಗೋಳು ನನ್ನ ಇಲ್ಲೇ ಹುಡುಕ್ಕೊಂಡ ಬರ್ತಾರ. ಎಲ್ಲಿ ಹೋಗ್ಲಿ?"

"ಅದು ನನ್ನ ಕರಾರಿನ್ಯಾಗ ಇಲ್ಲ."

ಅವಳು ಕೋರ್ಟಿಗೆ ಹೋದಳು. ಕರಾರಿನ ಸಾಕ್ಷಿ ಎಂದು ಮಾಲಕ ನನ್ನನ್ನೇ ಕರೆಸಿದ. ಹಿಂದಿನ ದಿನ ಅಂಗಡಿಗೆ ಬಂದು, ಕೊಳ್ಳದ ಪೆನ್ನುಗಳನ್ನೆಲ್ಲ ತಿರುವಿ ನೋಡುತ್ತ, "ಚಾವಿ ನನ್ನ ಹಂತೇಕ ಇತ್ತು ಅಂತ ಹೇಳ್ರಿ ಕಾಕಾ, ಸಾಕು" ಎಂದ. ನಾನು ಸುಮ್ಮನಿದ್ದೆ. ಅಂಥವರು ಮೌನವನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಕಟಕಟೆ ಹತ್ತಿದೆ. ಮೊದಲು ಚಾವಿ ಮಾಲಕನ ಬಳಿ ಇತ್ತು ಎಂದೆ, ಏಕೆಂದರೆ ಅದು ನಿಜ. ಆಮೇಲೆ ಆ ಚಳಿಗಾಲದ ಮುಂಜಾನೆ ಅವನು ಆಡಿದ ಮಾತನ್ನು ಹಾಲಿನವನ ಸಮೇತ ಹೇಳಿದೆ. ನ್ಯಾಯಾಧೀಶರು ಮತ್ತೊಮ್ಮೆ ಹೇಳಿಸಿದರು. ಹಿಂದೆ ಯಾರೋ ನಕ್ಕರು.

ಹೊರಗೆ ಮಾಲಕ ನನ್ನನ್ನು ತಡೆದ. "ನಕ್ಕೋತ ಚಾಷ್ಟಿಗೆ ಅಂದ ಮಾತ ಕೋರ್ಟಿನ್ಯಾಗ ಹೇಳ್ತಾರೇನ್ರಿ?"

"ಚಾವಿ ಚಾಷ್ಟಿಗೆ ಕೊಟ್ಟಿದ್ದೇನಪಾ?" ಎಂದೆ.

ಕಾಗದದ ಮೇಲೆ ಏನು ಹೆಸರಿಟ್ಟರೂ ಜಾಗ ನಿಜವಾಗಿ ಯಾರ ಸ್ವಾಧೀನದಲ್ಲಿತ್ತು ಎಂಬುದೇ ಮುಖ್ಯ ಎಂದು ತೀರ್ಪು ಬಂತು. ಅವಳು ಬಾಡಿಗೆದಾರಳು, ಬೇಡವೆಂದ ಮಾತ್ರಕ್ಕೆ ಹೊರಹಾಕುವಂತಿಲ್ಲ.

ಮರುದಿನ ಅವಳು ಶಟರ್ ಎತ್ತಿ, ಸೊಂಟಕ್ಕೆ ಕೈಯಿಟ್ಟು, ರಸ್ತೆಯಾಚೆ ನನ್ನನ್ನು ನೋಡಿ ಗತ್ತಿನಿಂದ ಕೂಗಿದಳು: "ಹೂಂ, ಬರ್ರಿ ಕಾಕಾ ಒಳಗ."

ಹೋದೆ. ಚಹಾ ತರಿಸಿದಳು. ಮಷೀನಿನ ಪಕ್ಕದಲ್ಲಿ ಕೂತು ಕುಡಿದೆ.