ಎಣ್ಣೆ ಮಾವ ಬರೆಯದ ಪದ

ಎಣ್ಣೆ ಮಾವನ ವಿಷಯ ಬರೆಯಲು ಒಂದೇ ಕಾರಣ. ಅವರು ಒಂದು ಇಂಗ್ಲಿಷ್ ಪದ ಬರೆಯಲು ಒಪ್ಪಲಿಲ್ಲ, ಕೆಲಸ ಹೋಯಿತು. ಈಗ ಆ ಪದದ ಕೆಳಗೆ ನಮ್ಮಕ್ಕ ದಿನವೂ ನಿಂತಿರುತ್ತಾಳೆ.

ನಾವು ಕೆಲಸ ಮಾಡುವುದು ಐದು ಮಹಡಿಯ ಬಟ್ಟೆ ಗೋದಾಮಿನಲ್ಲಿ. ನಾನು ಮೂಟೆ ಹೊರುತ್ತೇನೆ, ಅಕ್ಕ ಸಾಮಾನಿನ ಲಿಫ್ಟ್ ನಡೆಸುತ್ತಾಳೆ. ಅದನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವರು ಮಾವ. ಕೈಯಲ್ಲಿ ಸದಾ ಎಣ್ಣೆ ಡಬ್ಬಿ, ಅದಕ್ಕೇ ಆ ಹೆಸರು. ಓದಿದ್ದು ನಾಲ್ಕನೇ ಕ್ಲಾಸು. ಲಿಫ್ಟಿನೊಳಗೆ ತೂಗುವ ಕಾರ್ಡಿನಲ್ಲಿ ತಿಂಗಳಿಗೊಮ್ಮೆ ಬರೆಯುತ್ತಿದ್ದರು. ಬರೀ ಕಣ್ಣಿಂದ ನೋಡಿದ್ದರೆ ‘ಚೆಕ್ಡ್’. ಮರಳಿನ ಚೀಲ ಹೇರಿ, ಐದು ಸಲ ಏರಿಳಿಸಿ, ಬ್ರೇಕು ಹಿಡಿದರೆ ಮಾತ್ರ ‘ಟೆಸ್ಟೆಡ್’.

ಹೋದ ತಿಂಗಳು ಅಕ್ಕ ಹೇಳಿದಳು: “ಮಾವ, ಮೂಟೆ ಹೇರಿದ್ರೆ ಲಿಫ್ಟು ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲುತ್ತೆ.”

ಮಾವ ಮೇಲೆ ಹತ್ತಿ ಬ್ರೇಕು ನೋಡಿ ಬಂದರು. ಬ್ರೇಕು ಜಾರುತ್ತಿರಬಹುದು, ಚೀಲ ಹೇರಿ ನೋಡಬೇಕು, ಲಿಫ್ಟನ್ನು ಅರ್ಧ ದಿನ ನಿಲ್ಲಿಸಿ ಎಂದು ಮ್ಯಾನೇಜರನ್ನು ಕೇಳಿದರು.

“ಲಾರಿ ಕಾಯ್ತಿದೆ, ಆಗಲ್ಲ. ನಾಳೆ ಇನ್ಸ್‌ಪೆಕ್ಟರ್ ಬೇರೆ ಬರ್ತಾರೆ. ಸುಮ್ನೆ ಟೆಸ್ಟೆಡ್ ಅಂತ ಬರಿ.”

“ನೋಡಿದ್ದೀನಿ ಅಷ್ಟೇ ಸಾರ್. ಚೆಕ್ಡ್ ಅಂತ ಬರೀತೀನಿ.”

“ಎರಡೂ ಒಂದೇ ಕಣಯ್ಯ. ನಾಲ್ಕನೇ ಕ್ಲಾಸು ನೀನು, ನಂಗೆ ಇಂಗ್ಲಿಷ್ ಕಲಿಸ್ತೀಯಾ?”

“ಮುಚ್ಚಳ ತೆಗೆದು ಅಡುಗೆ ನೋಡೋದೂ ಬಾಯಿಗೆ ಹಾಕ್ಕೊಂಡು ನೋಡೋದೂ ಒಂದೇನಾ ಸಾರ್?”

ನಾವೆಲ್ಲ ನಕ್ಕೆವು. ಮ್ಯಾನೇಜರ್ ನಗಲಿಲ್ಲ.

“ಹಾಗಾದ್ರೆ ನಾಳೆಯಿಂದ ಬರಬೇಡ.”

ಮರುದಿನ ಕಾರ್ಡಿನಲ್ಲಿ ‘ಟೆಸ್ಟೆಡ್’ ಎಂದಿತ್ತು. ಯಾರದೋ ಅಕ್ಷರ. ನಾನು ಮೂಲೆಗೆ ಹೋಗಿ ಮರಳಿನ ಚೀಲ ನೋಡಿದೆ. ಮೇಲಿನ ಧೂಳು ಹಾಗೇ ಇತ್ತು. ಚೀಲದಿಂದ ಚೀಲಕ್ಕೆ ಜೇಡ ಬಲೆ ಕಟ್ಟಿತ್ತು. ಇನ್ಸ್‌ಪೆಕ್ಟರ್ ಲಿಫ್ಟು ನಿಂತಿದ್ದ ಮೂರನೇ ಮಹಡಿಗೆ ಬಂದರು, ಕಾರ್ಡು ಓದಿದರು, ಸಹಿ ಹಾಕಿ ಮೆಟ್ಟಿಲಿಳಿದು ಹೋದರು.

“ಹತ್ತಬೇಡ ಅಕ್ಕಾ” ಅಂದೆ.

“ನಾನು ಬಿಟ್ರೆ ಇನ್ನೊಬ್ಬಳನ್ನ ಹತ್ತಿಸ್ತಾರೆ ಕಣೋ. ಅವಳಿಗೆ ಈ ಎರಡು ಬೆರಳಿನ ವಿಷಯ ಗೊತ್ತಿರಲ್ಲ.”

ನಿನ್ನೆಗೆ ಅದು ನಾಲ್ಕು ಬೆರಳಾಗಿದೆ. ನಿಲ್ಲುವಾಗ ಮೇಲಿಂದ ಹಲ್ಲು ಕಡಿದಂಥ ಸದ್ದು ಬರುತ್ತದೆ.

ಮಾವ ಈಗಲೂ ದಿನಾ ಸಂಜೆ ಐದಕ್ಕೆ ಗೋದಾಮಿನ ಗೇಟಿನೆದುರು ಬಂದು ನಿಲ್ಲುತ್ತಾರೆ. ಅಕ್ಕ ಹೊರಗೆ ಬಂದದ್ದು ಕಂಡ ಮೇಲೆಯೇ ಮನೆಗೆ ಹೋಗುತ್ತಾರೆ.

ಇದನ್ನು ಓದಿದ ನೀವು ಹೋಗಿ ಮಾವನನ್ನು ಕಾಣಿ. ಆ ಎರಡು ಪದಕ್ಕೆ ಏನು ವ್ಯತ್ಯಾಸ ಎಂದು ಕೇಳಿ, ಹೇಳುತ್ತಾರೆ. ಕೇಳಿದ್ದನ್ನು ಇನ್ಸ್‌ಪೆಕ್ಟರಿಗೆ ಮುಟ್ಟಿಸಿ. ನಾನೂ ಅವರಿಗೆ ಹೇಳಿ ನೋಡಿದೆ, ಮೂಟೆ ಹೊರುವವನ ಮಾತು ಅವರು ಕೇಳಲಿಲ್ಲ. ಈ ವಾರವೇ ಹೋಗಿ.