ಮಾಸ್ತರರ ಬಲಗೈ

ಮಾಸ್ತರರ ಬಲಗೈಯ ಎರಡು ಬೆರಳು ಬಾಗುತ್ತಿರಲಿಲ್ಲ. ಕೀಬೋರ್ಡಿನ ಮೇಲೆ ಉಳಿದವು ಓಡಾಡುವಾಗ ಅವೆರಡು ಗೂಟದ ಹಾಗೆ ನಿಂತಿರುತ್ತಿದ್ದವು. ಮೊದಲು ಹಾಗಿರಲಿಲ್ಲ. ಗೋಕಾಕದ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಆ ಕೈಯ ಏಟು ತಿನ್ನದವರೇ ಇರಲಿಲ್ಲ.

ಸಿಟ್ಟು ಮೂಗಿನ ತುದಿಯಲ್ಲೇ. ಒಮ್ಮೆ ಮೌಸನ್ನು ಗೋಡೆಗೆ ಬೀಸಿ ಒಡೆದರು. ಇನ್ನೊಮ್ಮೆ ಮೂಡಲಗಿಯಲ್ಲಿ ಬೈಕ್ ತಾಗಿಸಿದವನ ಹಲ್ಲು ಉದುರಿಸಿ ಬಂದು, ಕೈಯ ರಕ್ತ ತೊಳೆದುಕೊಂಡು ಪಾಠ ಶುರು ಮಾಡಿದರು. ನನಗೆ ಅವರೆಂದರೆ ಹೆದರಿಕೆ, ದ್ವೇಷವೂ ಇತ್ತು. ಆದರೂ ಕಲಿತ ಮೇಲೆ ಅವರಲ್ಲೇ ಕೆಲಸಕ್ಕೆ ನಿಂತೆ. ಅಷ್ಟು ಚೆನ್ನಾಗಿ ಕಲಿಸುವವರು ಸುತ್ತ ಯಾರೂ ಇರಲಿಲ್ಲ.

ಯಮಕನಮರಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ತೂಗುವ ಒಂದು ಕಾಟಾಕ್ಕೆ ಅವರು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಅದರಲ್ಲಿ ಒಂದೇ ಹೊತ್ತಿಗೆ ಕೆಲಸದ ಎರಡು ಎಳೆ, ಅಂದರೆ ಥ್ರೆಡ್, ಓಡುತ್ತಿದ್ದವು. ಹಿಂದೆ ಕಾಣದಂತೆ ಓಡುವುದು ಕಾಟಾದಿಂದ ತೂಕ ಓದುತ್ತಿತ್ತು. ಪರದೆಯ ಅಂಕಿ ಬದಲಿಸುವುದು ಮಾತ್ರ ಮುಖ್ಯ ಥ್ರೆಡ್ಡಿನ ಕೆಲಸ. ಹಿಂದಿನ ಥ್ರೆಡ್ ತಾನೇ ಪರದೆಗೆ ಕೈಹಾಕಿದರೆ ಎಚ್ಚರಿಕೆ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಇಲ್ಲಿ ಹಾಗೇ ಆಗುತ್ತಿತ್ತು. ಮಾಸ್ತರರು ಗಡಿಬಿಡಿಯಲ್ಲಿ ತಪ್ಪು ತಿದ್ದದೆ ಆ ಎಚ್ಚರಿಕೆಯನ್ನೇ ಬಂದ್ ಮಾಡಿಟ್ಟರು.

"ಒದರೂದು ನಿಂತ್ರ ಸಾಕು. ಹಂಗಾಮ ಮುಗೀಲಿ, ಆಮ್ಯಾಲ ನೋಡೂಣು" ಎಂದರು.

ಹಂಗಾಮು ಮುಗಿಯುವವರೆಗೆ ಅದು ಕಾಯಲಿಲ್ಲ. ಒಂದು ಮಧ್ಯಾಹ್ನ ಪರದೆ ಹೆಪ್ಪುಗಟ್ಟಿತು. ಸಣ್ಣ ಟ್ರೇಲರ್ ಇಳಿದು ದೊಡ್ಡದು ಹತ್ತಿದರೂ ಹಳೆಯ ಅಂಕಿಯೇ ನಿಂತಿತ್ತು. ತೂಕದ ಚೀಟಿ ಕೊಡಲು ಕಾಟಾದ ಕಿಟಕಿಯಲ್ಲಿ ಕುಳಿತಿದ್ದವನು ನಾನು.

"ಕಳ್ಳ ನನ್ಮಗನ, ಇಷ್ಟ ಕಬ್ಬಿಗೂ ಅದ ತೂಕೇನೋ!" ಎಂದು ಒಬ್ಬ ರೈತ ಕೊರಳಪಟ್ಟಿ ಹಿಡಿದು ನನ್ನನ್ನು ಹೊರಗೆಳೆದ. ವರ್ಷದ ಬೆಳೆ, ಅಲ್ಲಿ ನೆರೆದಿದ್ದ ರೈತರ ಸಿಟ್ಟೂ ಸುಳ್ಳಲ್ಲ. ಕಬ್ಬಿನ ಜಲ್ಲೆಗಳಿಂದ ಬೆನ್ನಿಗೆ ಏಟು ಬಿದ್ದವು, ಎದೆಗೆ ಒದೆ ಬಿತ್ತು, ಬಾಯಲ್ಲಿ ರಕ್ತ ಬಂತು. ಯಾರೋ ಟ್ರೇಲರ್ ಜೋಡಿಸುವ ಕಬ್ಬಿಣದ ಪಿನ್ನು ಎತ್ತಿದ್ದು ಕಂಡಿತು. ಸತ್ತೆ ಅಂದುಕೊಂಡೆ.

ಎದುರಿನ ಚಹಾದಂಗಡಿಯಲ್ಲಿದ್ದ ಮಾಸ್ತರರು ಗುಂಪಿನೊಳಗೆ ನುಗ್ಗಿದರು. ಇನ್ನು ನಾಲ್ಕು ಜನ ಮಲಗುತ್ತಾರೆ ಎಂದುಕೊಂಡೆ. ಅವರು ಯಾರನ್ನೂ ಹೊಡೆಯಲಿಲ್ಲ. ನನ್ನ ತಲೆಯ ಮೇಲೆ ಬಲಗೈ ಅಡ್ಡ ಹಿಡಿದರು.

"ಅವನ್ನ ಬಿಡ್ರಿ! ಪ್ರೋಗ್ರಾಂ ಬರದಾಂವ ನಾನು. ತಪ್ಪು ನಂದೈತಿ, ಬಡೀರಿ ನನ್ನ!"

ಪಿನ್ನು ಆ ಕೈಮೇಲೆ ಬಿತ್ತು. ಎಲುಬು ಮುರಿದ ಸದ್ದು ನನ್ನ ನೆತ್ತಿಯ ಮೇಲೇ ಆಯಿತು. ಹೊಡೆದವನೇ ಹೆದರಿ ಪಿನ್ನು ಕೆಳಗೆ ಹಾಕಿದ. ಮಾಸ್ತರರು ಕೈ ಜೋತುಬಿದ್ದಿದ್ದರೂ ಅಲ್ಲೇ ನಿಂತು, ಪ್ರೋಗ್ರಾಂ ಬಿಟ್ಟು ಕಾಟಾದ ಮೀಟರ್ ನೋಡಿ ಆ ಟ್ರೇಲರನ್ನು ಮತ್ತೆ ತೂಗಿಸಿದ ಮೇಲೆಯೇ ಆಸ್ಪತ್ರೆಗೆ ಹೋದರು.

ಮುಂದೆ ಪ್ಲಾಸ್ಟರಿನ ಕೈ ಕೊರಳಿಗೆ ಕಟ್ಟಿಕೊಂಡು, ನನ್ನ ಬಾಜೂ ಕುಳಿತು ನನ್ನ ಕೈಯಿಂದ ಪ್ರೋಗ್ರಾಂ ತಿದ್ದಿಸಿದರು. "ಹಿಂದಿನಾಂವ ಪರದೆ ಮುಟ್ಟಬಾರದು. ಮುಂದಿನಾಂವಗ ಹೇಳಿ ಕಳಸ್ಬೇಕು, ಅಂವ ಬರೀತಾನ. ತಿಳೀತಿಲ್ಲೋ?" ನಾನು ತಪ್ಪು ಬರೆದೆ. ಅವರ ಎಡಗೈ ಮೇಲೆದ್ದಿತು. ಹಾಗೇ ಕೆಳಗಿಳಿಯಿತು. ಆಮೇಲೆ ಅವರು ಯಾರಿಗೂ ಕೈಮಾಡಿದ್ದನ್ನು ನಾನು ನೋಡಲಿಲ್ಲ.

ಹೋದ ತಿಂಗಳು ಮಾಸ್ತರರು ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಒಯ್ಯುವ ಮುನ್ನ ಹಿರಿಯರೊಬ್ಬರು ಅವರ ಬಲ ಅಂಗೈಯಲ್ಲಿ ಹೂವಿಟ್ಟು ಬೆರಳು ಮಡಿಸಲು ಹೋದರು. ಎರಡು ಬೆರಳು ಬಾಗಲಿಲ್ಲ. ಹಿರಿಯರು ಮತ್ತೆ ಒತ್ತಿದರು.

"ಒತ್ತಬ್ಯಾಡ್ರಿ, ಅವು ಬಾಗೂದಿಲ್ಲ" ಎಂದೆ. ನನ್ನ ಕೈ ನನ್ನ ನೆತ್ತಿಯ ಮೇಲಿತ್ತು.