ಜಮೀನ್ದಾರನ ಜೊತೆ ಲೋಕಸಂಚಾರ

ನಾನು ಸೂಟ್‌ಕೇಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಯಾವ ಪ್ರಯಾಣಕ್ಕೆ ಯಾವ ಪೆಟ್ಟಿಗೆ, ಚಕ್ರ ಎರಡಿರಬೇಕೋ ನಾಲ್ಕೋ, ವಿಮಾನದಲ್ಲಿ ಯಾವುದು ಒಡೆಯುತ್ತದೆ, ರೈಲಿನಲ್ಲಿ ಯಾವುದು ಕಳುವಾಗುತ್ತದೆ ಎಂದು ದಿನವಿಡೀ ಗಿರಾಕಿಗಳಿಗೆ ಉಪದೇಶ ಮಾಡುತ್ತೇನೆ. ನಾನು ಮಾತ್ರ ವಿಮಾನ ಹತ್ತಿದವನಲ್ಲ. ರೈಲು ಹತ್ತಿದ್ದೇನೆ, ಸಂಜೆಯೊಳಗೆ ಇಳಿದಿದ್ದೇನೆ. ಹೀಗಾಗಿ ನಮ್ಮ ಮನೆತನದಲ್ಲಿ ಲೋಕ ಸುತ್ತಿದ ಕೀರ್ತಿ ಏನಾದರೂ ಇದ್ದರೆ ಅದು ಪೂರ್ತಿಯಾಗಿ ದೊಡ್ಡಮ್ಮನಿಗೆ, ಅಂದರೆ ನನ್ನ ಅಮ್ಮನ ಅಕ್ಕನಿಗೆ, ಸೇರಬೇಕು.

ದೊಡ್ಡಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವಳು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಅವಳು ಲೋಕಕ್ಕೆ ಹೇಳಿದ್ದು ಒಂದೇ ಮಾತು: “ಅಲ್ಲಾಡಬೇಡಿ. ಉಸಿರು ಹಿಡೀರಿ. ಹಾಂ, ಬಿಡಿ.” ಮದುವೆಯಾಗಲಿಲ್ಲ. ಕೇಳಿಕೊಂಡು ಬಂದವರಿಗೂ ಇದನ್ನೇ ಹೇಳಿರಬೇಕು, ಪಾಪ, ಅವರು ಕೊನೇ ಮಾತಿಗೆ ಕಾಯದೆ ಓಡಿಹೋದರು ಎಂಬುದು ಅಪ್ಪನ ತಮಾಷೆ.

ನಿವೃತ್ತಿಯಾದ ಮೇಲೆ ಅವಳ ಫ್ಲ್ಯಾಟಿಗೆ ಎರಡು ನಾಯಿಗಳು ಬಂದವು. ನಾಯಿ ಎಂದರೆ ದೊಡ್ಡ ಮಾತಾಯಿತು. ಎರಡನ್ನೂ ಒಟ್ಟಿಗೆ ನಮ್ಮ ಅಂಗಡಿಯ ಅತಿ ಚಿಕ್ಕ ಸೂಟ್‌ಕೇಸಿನಲ್ಲಿ ಮಲಗಿಸಬಹುದು, ಮೇಲೆ ಒಂದು ಜೊತೆ ಬಟ್ಟೆಯನ್ನೂ ಇಡಬಹುದು. ದುಂಡಗಿನದು ಕೂತ ಜಾಗವೆಲ್ಲ ತನ್ನದೇ ಎಂದುಕೊಳ್ಳುವುದರಿಂದ ಅದಕ್ಕೆ ಜಮೀನ್ದಾರ ಎಂದು ಹೆಸರು. ಒಂದು ಕಡೆ ಕೂರಲಾರದ ಸಣಕಲು ಗಡಿಬಿಡಿ. ಗಾತ್ರದಲ್ಲಿ ಇಲ್ಲದ್ದನ್ನು ಎರಡೂ ಗಂಟಲಿನಲ್ಲಿ ಪಡೆದುಕೊಂಡು ಬಂದಿದ್ದವು. ಎದುರು ಮನೆಯವರು, ಮೇಲಿನ ಮನೆಯವರು, ಕೊನೆಗೆ ಕಿವಿ ಕೇಳಿಸದ ಕೆಳಗಿನ ಮನೆಯ ಅಜ್ಜ ಕೂಡ ದೂರು ಕೊಟ್ಟಾಗ ದೊಡ್ಡಮ್ಮ ಫ್ಲ್ಯಾಟು ಮಾರಿ ಒಳಗೇ ವಾಸ ಮಾಡುವಂಥ ಹಳೆಯ ಕ್ಯಾರವಾನ್ ವ್ಯಾನೊಂದನ್ನು ಕೊಂಡಳು. ಮಡಚಿದರೆ ಮೇಜು, ಬಿಡಿಸಿದರೆ ಮಂಚ. ಒಂದು ಒಲೆ, ಅಂಗೈಯಗಲದ ಸಿಂಕು, ತಲೆಯ ಮೇಲೊಂದು ಕಿಟಕಿ.

“ಎಲ್ಲರಿಗೂ ಅಲ್ಲಾಡಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ ಕಣೇ. ಇನ್ನು ನಾನು ಒಂದು ಕಡೆ ನಿಲ್ಲಲ್ಲ,” ಎಂದು ಅವಳು ಅಮ್ಮನಿಗೆ ಹೇಳಿದಳು.

“ಹೋಗು ಹೋಗು. ನಾಯಿ ಕಟ್ಕೊಂಡು ಊರು ಸುತ್ತೋ ವಯಸ್ಸು ನೋಡು! ತಿಂಗಳು ತುಂಬೋದ್ರೊಳಗೆ ವಾಪಸ್ ಬರ್ತೀಯ. ಹಿಂದಿನ ರೂಮು ಖಾಲಿ ಮಾಡ್ಸಿರ್ತೀನಿ. ನಾಯಿಗಳು ಮಾತ್ರ ಬಾಲ್ಕನೀಲಿ, ಈಗ್ಲೇ ಹೇಳಿದ್ದೀನಿ,” ಎಂದಳು ಅಮ್ಮ.

ಅಮ್ಮ ಆಡಿದಂತೆ ಮಾಡುವವಳು. ಹಿಂದಿನ ರೂಮು ಖಾಲಿಯಾಯಿತು. ಅದು ನನ್ನ ರೂಮು. ಅಂದಿನಿಂದ ನಾನು ನಡುಮನೆಯ ಸೋಫಾದ ಮೇಲೆ ಕಾಲು ಮಡಚಿ ಮಲಗುತ್ತಿದ್ದೇನೆ. ಊರು ಬಿಟ್ಟವಳು ದೊಡ್ಡಮ್ಮ, ಮನೆ ಕಳೆದುಕೊಂಡವನು ನಾನು.

ತಿಂಗಳು ತುಂಬಿತು. ದೊಡ್ಡಮ್ಮ ಬರಲಿಲ್ಲ, ಫೋಟೋಗಳು ಬಂದವು. ಒಂದು ದಿನ ನೀರು ಮತ್ತು ಮರ, ಇನ್ನೊಂದು ದಿನ ನೀರು ಮತ್ತು ಬಂಡೆ, ಮತ್ತೊಂದು ದಿನ ನೀರಿನ ಮುಂದೆ ಜಮೀನ್ದಾರ. ಕೆಳಗೆ ‘ಇವತ್ತು ಇಲ್ಲಿ’ ಎಂಬ ಒಂದೇ ಸಾಲು. ಅವುಗಳನ್ನು ಗಿರಾಕಿಗಳಿಗೆ ತೋರಿಸಿ, “ನಮ್ಮ ದೊಡ್ಡಮ್ಮ, ಸಾರ್. ವರ್ಷವಿಡೀ ಪ್ರಯಾಣ. ನಮ್ಮ ಅಂಗಡಿ ಪೆಟ್ಟಿಗೇನೇ ಇಟ್ಕೊಂಡಿರೋದು,” ಎಂದು ನಾನೂ ವ್ಯಾಪಾರ ಕುದುರಿಸಿಕೊಂಡೆ. ಅವಳ ಬಳಿ ಇದ್ದದ್ದು ಆಸ್ಪತ್ರೆಯ ಎರಡು ಬಟ್ಟೆ ಚೀಲ.

ಹೀಗಿರುವಾಗ ಅಮ್ಮನಿಗೆ ಅಕ್ಕನನ್ನು ಕಣ್ಣಾರೆ ನೋಡಬೇಕೆನಿಸಿತು. ಈಗ ಎಲ್ಲಿದ್ದೀಯ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ಸಮುದ್ರದ ದಂಡೆಯ ಪಟ್ಟಣವೊಂದರ ಹೆಸರು ಹೇಳಿದಳು. ಅಮ್ಮ, “ನಾಳೆ ಮಧ್ಯಾಹ್ನ ಅಲ್ಲಿನ ಬಸ್ ಸ್ಟ್ಯಾಂಡಿಗೆ ಬಂದು ಕರ್ಕೊಂಡು ಹೋಗು,” ಎಂದು ಫೋನಿಟ್ಟಳು. ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು.

“ಲೋ, ನಾಳೆ ನಿನಗೆ ವಾರದ ರಜೆ ಅಲ್ವಾ? ಮೊದಲನೇ ಬಸ್ಸಿಗೆ ಬಾ. ನಿಮ್ಮಮ್ಮನಿಗೆ ಹೇಳ್ಬೇಡ. ಹಳೇ ಟವೆಲ್ ಇದ್ರೆ ತಗೊಂಡು ಬಾ.”

ಎಲ್ಲಿಗೆ ಎಂದರೆ ಸಮುದ್ರಕ್ಕೆ ಇನ್ನೂ ಒಂದು ಗಂಟೆಯ ದಾರಿ ಇರುವ ಯಾವುದೋ ಕೆರೆ. ಬೆಳಿಗ್ಗೆ ಅಲ್ಲಿಳಿದೆ. ಕ್ಯಾರವಾನುಗಳು ನಿಲ್ಲಲೆಂದೇ ಬೇಲಿ ಹಾಕಿದ ಮೈದಾನ, ಪಕ್ಕದಲ್ಲಿ ನೀರು, ಒಂದು ಮರ, ಒಂದು ಬಂಡೆ. ನಮ್ಮ ಲೋಕಸಂಚಾರಿಯ ವ್ಯಾನಿನ ಚಕ್ರಗಳು ಮೊಣಕಾಲೆತ್ತರದ ಹುಲ್ಲಿನಲ್ಲಿ ಮುಳುಗಿದ್ದವು. ಅದರ ಕನ್ನಡಿಗೆ ಪಕ್ಕದ ವ್ಯಾನಿನವರು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಬಂಪರಿನ ಮೇಲೆ ಯಾವುದೋ ಬಳ್ಳಿ ಹತ್ತಿ, ಹೂ ಬಿಟ್ಟು, ಕಾಯಿ ಕಟ್ಟುವ ಹಂತದಲ್ಲಿತ್ತು.

“ಆಂಟಿ ಹೊರಡ್ತಾರಂತಾ?” ಗೇಟಿನಲ್ಲಿದ್ದ ಮ್ಯಾನೇಜರ್ ಬೆಚ್ಚಿಬಿದ್ದ. “ಇಲ್ಲಿ ಎಲ್ಲರಿಗಿಂತ ಹಳಬರು ಅವ್ರೇ. ಹೊಸಬರಿಗೆ ನಲ್ಲಿ ಎಲ್ಲಿದೆ ಅಂತ ತೋರ್ಸೋದೂ ಅವ್ರೇ.”

ದೊಡ್ಡಮ್ಮ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ನನ್ನ ಮುಖ ನೋಡಿ, “ಬಾಯಿ ಮುಚ್ಚು, ನೊಣ ಹೋಗುತ್ತೆ,” ಎಂದಳು.

“ದೊಡ್ಡಮ್ಮ, ಇದೇನಿದು? ನೀನು ಊರೂರು...”

“ಬಂದೆ. ಇಲ್ಲೀತನಕ ಬಂದೆ. ಮೊದಲನೇ ದಿನಾನೇ ಗೊತ್ತಾಯ್ತು.” ಮಂಚದ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದ್ದ ಜಮೀನ್ದಾರನ ಕಡೆ ಗದ್ದ ಎತ್ತಿದಳು. “ಎಂಜಿನ್ ಶಬ್ದ ಕೇಳಿದ್ರೆ ಇವನು ನಡುಗ್ತಾನೆ. ಗಾಡಿ ಅಲ್ಲಾಡಿದ್ರೆ ವಾಂತಿ. ಡಾಕ್ಟರ್ ಕೊಟ್ಟ ಮಾತ್ರೇನೂ ವಾಂತಿ.”

ಯಾವ ನಾಯಿಗಾಗಿ ಮನೆ ಮಾರಿ ಚಕ್ರ ಕೊಂಡಳೋ, ಆ ನಾಯಿಗೆ ಚಕ್ರವೇ ಆಗದು. ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

“ಹೋಗ್ಲಿ, ಅಮ್ಮನಿಗೆ ಹೇಳ್ಬಿಡು. ಏನಾಗುತ್ತೆ?”

“ಏನಾಗುತ್ತೆ? ನಾಳೆನೇ ಹಿಂದಿನ ರೂಮು. ಇವೆರಡು ಬಾಲ್ಕನಿಗೆ, ನಾನು ಟೀವಿ ಮುಂದೆ. ಒಂಬತ್ತಕ್ಕೆ ಊಟ, ಹತ್ತಕ್ಕೆ ದೀಪ ಆರ್ಸು. ನಿಮ್ಮಮ್ಮ ಕೆಟ್ಟವಳಲ್ಲ ಕಣೋ. ಒಳ್ಳೇವಳು, ಅದೇ ಕಷ್ಟ. ನನ್ನನ್ನ ಎಷ್ಟು ಚೆನ್ನಾಗಿ ನೋಡ್ಕೋತಾಳೆ ಅಂದ್ರೆ, ಆಮೇಲೆ ನಾನು ಅಲ್ಲಾಡೋ ಹಾಗಿಲ್ಲ.” ಲೋಟ ಕೆಳಗಿಟ್ಟಳು. “ಇಲ್ಲಿ ನಾನು ಎಲ್ಲೂ ಹೋಗ್ದೆ ಇರಬಹುದು. ಆದ್ರೆ ಹೋಗ್ಬೇಡ ಅನ್ನೋರು ಯಾರೂ ಇಲ್ಲ.”

ಯೋಜನೆ ಸರಳವಾಗಿತ್ತು. ಅಮ್ಮನ ಬಸ್ಸು ಬರುವ ಮೊದಲು ನಾವು ಸಮುದ್ರದ ಪಟ್ಟಣ ತಲುಪಬೇಕು, ದೊಡ್ಡಮ್ಮ ಎರಡು ದಿನದಿಂದ ಅಲ್ಲೇ ಇದ್ದವಳಂತೆ ನಿಲ್ಲಬೇಕು, ನಾನು ಅಮ್ಮನ ಕಣ್ಣಿಗೆ ಬೀಳದೆ ಜಾಗ ಖಾಲಿ ಮಾಡಬೇಕು. ದೊಡ್ಡಮ್ಮ ಓಡಿಸುವುದು, ನಾನು ಟವೆಲ್ ಹಿಡಿಯುವುದು. ನನ್ನ ವಿದ್ಯೆಗೂ ಅನುಭವಕ್ಕೂ ತಕ್ಕ ಹುದ್ದೆ.

ಬಳ್ಳಿ ಕಿತ್ತು, ಹಗ್ಗ ಬಿಚ್ಚಿ, ನೀರಿನ ಪೈಪು ತೆಗೆದು, ಮುನಿದ ಎಂಜಿನ್ನನ್ನು ಹತ್ತಿಸಿ ಹೊರಡುವಷ್ಟರಲ್ಲಿ ಹೊತ್ತೇರಿತ್ತು. ಮೈದಾನದವರೆಲ್ಲ ಸಾಲಾಗಿ ನಿಂತು ಕೈ ಬೀಸಿದರು. ಗೇಟು ದಾಟಿ ರಸ್ತೆಗೆ ಬಂದದ್ದೇ ತಡ, ನನ್ನ ತೊಡೆಯ ಮೇಲಿದ್ದ ಜಮೀನ್ದಾರ ಕೊರಳುದ್ದ ಮಾಡಿ ಒಂದು ವಿಚಿತ್ರ ಸದ್ದು ತೆಗೆದ.

“ದೊಡ್ಡಮ್ಮ, ಬಂತು!”

“ತಡ್ಕೊಳ್ಳೋಕೆ ಹೇಳು!”

“ನಾನು ಹೇಳಿದ್ರೆ ಕೇಳ್ತಾನಾ?”

ಮೊದಲ ಟವೆಲ್ ಮುಗಿಯಿತು. ಎರಡನೆಯದು ಅರ್ಧವಾಗುವಷ್ಟರಲ್ಲಿ ದೊಡ್ಡಮ್ಮ ರಸ್ತೆ ಬದಿಗೆ ಹಾಕಿ, ಎಂಜಿನ್ ನಿಲ್ಲಿಸದೆ ಕೆಳಗಿಳಿದಳು. ಆರಿಸಿದರೆ ಮತ್ತೆ ಹತ್ತದು ಎಂಬ ಭಯ. ಜಮೀನ್ದಾರನನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹುಲ್ಲಿನ ಮೇಲೆ ಬಿಟ್ಟಳು. ನಾನೂ ನೀರಿನ ಬಾಟಲಿ ಹಿಡಿದು ಇಳಿದು, ಗಡಿಬಿಡಿ ರಸ್ತೆಗೆ ಹಾರದಿರಲಿ ಎಂದು ಜಾಣತನದಿಂದ ಬಾಗಿಲು ಹಾಕಿದೆ. ದೊಡ್ಡಮ್ಮನ ಕಡೆಯದು ಆಗಲೇ ಮುಚ್ಚಿತ್ತು.

ಒಳಗಿದ್ದ ಗಡಿಬಿಡಿ ಡ್ರೈವರ್ ಸೀಟಿಗೆ ನೆಗೆದ. ಕಿಟಕಿಯಿಂದ ನಮ್ಮನ್ನು ನೋಡಲು ಮುಂಗಾಲುಗಳನ್ನು ಬಾಗಿಲಿನ ಕೈಯಾಸರೆಯ ಮೇಲಿಟ್ಟ. ಎಲ್ಲ ಬಾಗಿಲುಗಳಿಗೂ ಒಟ್ಟಿಗೆ ಬೀಗ ಹಾಕುವ, ತೆಗೆಯುವ ಗುಂಡಿ ಇರುವುದೂ ಅಲ್ಲೇ.

ಟಕ್.

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಎಲ್ಲ ಬಾಗಿಲುಗಳನ್ನೂ ಎಳೆದು ನೋಡಿದೆ.

“ಇನ್ನೊಂದು ಬೀಗದ ಕೈ?”

“ಇದೆ. ಕಳ್ಕೋಬಾರ್ದು ಅಂತ ಒಳಗೆ ಮೊಳೆಗೆ ಹಾಕಿದ್ದೀನಿ.”

ಗಾಜು ಒಡೆಯೋಣವೆಂದು ಕಲ್ಲು ಎತ್ತಿಕೊಂಡೆ. “ಚೂರು ಅವನ ಕಣ್ಣಿಗೆ ಹೋದ್ರೆ? ಕೆಳಗಿಡು,” ಎಂದಳು. ಫೋನಿನಲ್ಲಿ ಸಿಕ್ಕ ಮೆಕ್ಯಾನಿಕ್ ಸಂಜೆ ಬರುತ್ತೇನೆಂದ. ಗಡಿಬಿಡಿಯೇ ಇನ್ನೊಮ್ಮೆ ಗುಂಡಿ ಒತ್ತಿದರೆ ಬಾಗಿಲು ತೆರೆಯಬೇಕು. ಕಿಟಕಿಯ ಹೊರಗೆ ಕುಣಿದೆವು, ಚಪ್ಪಾಳೆ ತಟ್ಟಿದೆವು. ಅವನು ಹಿಂದೆ ಹೋಗಿ ಮಂಚ ಹತ್ತಿ ಕೂತ. ದೊಡ್ಡಮ್ಮ ತಾಳ್ಮೆಗೆಟ್ಟು ಗಟ್ಟಿಯಾಗಿ ಕೂಗಿದಳು. ಅವಳ ಗಟ್ಟಿ ದನಿಗೆ ಅವನು ಕಲಿತದ್ದು ಒಂದೇ ಪಾಠ. ಎಕ್ಸ್‌ರೇ ಯಂತ್ರದ ಮುಂದೆ ನಿಂತವನಂತೆ ಉಸಿರು ಬಿಗಿಹಿಡಿದು ಕಲ್ಲಾಗಿಬಿಟ್ಟ.

ಆಗ ದೊಡ್ಡಮ್ಮನ ಫೋನು ಮೊಳಗಿತು. “ಅಕ್ಕಾ, ನಾನು ಬಸ್ ಸ್ಟ್ಯಾಂಡಲ್ಲಿದ್ದೀನಿ. ಎಲ್ಲಿ ನೀನು?”

ದೊಡ್ಡಮ್ಮ ಒಮ್ಮೆ ಮುಂದಿನ ರಸ್ತೆ ನೋಡಿದಳು, ಒಮ್ಮೆ ಹಿಂದಕ್ಕೆ ನೋಡಿದಳು. ಮೈದಾನದ ಗೇಟು ಇನ್ನೂ ಕಾಣುತ್ತಿತ್ತು. ನಮ್ಮ ಮ್ಯಾನೇಜರ್ ಅಲ್ಲಿಂದಲೇ ಮತ್ತೊಮ್ಮೆ ಕೈ ಬೀಸಿದ.

“ದಾರೀಲಿದ್ದೀನಿ ಕಣೇ,” ಎಂದಳು. ಆಮೇಲೆ ಅವಳ ದನಿ ಇಳಿಯಿತು. ದಾರಿ ಎಲ್ಲಿಯದು ಎಂಬುದನ್ನೂ ಹೇಳಿದಳು.

ಅಮ್ಮ ಟ್ಯಾಕ್ಸಿ ಮಾಡಿಕೊಂಡು ಬಂದಳು. ಅಷ್ಟು ಹೊತ್ತೂ ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು, ವ್ಯಾನು ತನ್ನ ಪಾಡಿಗೆ ನಿಂತಿತ್ತು. ಟ್ಯಾಕ್ಸಿಯಿಂದ ಇಳಿದವಳು ಮೊದಲು ನನ್ನನ್ನು ನೋಡಿದಳು. “ನೀನಾ? ಸ್ನೇಹಿತನ ಮನೆ ಅಂದಿದ್ದೆ?” ನನಗೆ ಉತ್ತರ ಹುಡುಕಲು ಬಿಡದೆ ಅಕ್ಕನ ಕಡೆ ತಿರುಗಿದಳು.

“ಇದೇನಾ ನಿನ್ನ ಸಮುದ್ರ? ಆ ಕೆರೆ ನೋಡಿದ್ರೇನೇ ಗೊತ್ತಾಗುತ್ತೆ, ದಿನಾ ನೋಡಿದ್ದೀನಲ್ಲ ಫೋಟೋದಲ್ಲಿ! ಮರ ಅದೇ, ಬಂಡೆ ಅದೇ! ನನ್ನನ್ನ ಏನಂದ್ಕೊಂಡಿದ್ದೀಯ ಅಕ್ಕಾ ನೀನು?”

ಅಮ್ಮನ ದನಿ ಏರುತ್ತಿದ್ದಂತೆ ವ್ಯಾನಿನೊಳಗೆ ಮಂಚ ಕಿರುಗುಟ್ಟಿತು. ಗಡಿಬಿಡಿ ಒಂದೇ ನೆಗೆತಕ್ಕೆ ಡ್ರೈವರ್ ಸೀಟಿಗೆ ಬಂದು, ಬಾಲ ಬೀಸುತ್ತ, ನಾಲಿಗೆ ಚಾಚಿ, ಕೈಯಾಸರೆಯ ಮೇಲೆ ನಿಂತು ಕುಣಿಯತೊಡಗಿದ. ಟಕ್. ಟಕ್ ಟಕ್. ನಾನು ಓಡಿಹೋಗಿ ಸರಿಯಾದ ಟಕ್ಕಿಗೆ ಬಾಗಿಲು ಎಳೆದೆ. ಅವನು ಹಾರಿ ನೇರವಾಗಿ ಅಮ್ಮನ ಕಾಲಿಗೆ ಹೋಗಿ ಬಿದ್ದ.

“ಇದ್ಯಾಕೆ ಹೀಗಾಡುತ್ತೆ? ನಾನು ಬೈದ್ರೆ ಖುಷಿನಾ ಇದಕ್ಕೆ?”

“ದಿನಾ ಸಂಜೆ ನೀನು ಫೋನಿನ ಸ್ಪೀಕರಲ್ಲಿ ಬೈಯೋವಾಗ ಇವು ಬೊಗಳ್ದೆ ಇರಲಿ ಅಂತ ಬಿಸ್ಕತ್ತು ಕೊಡ್ತಿರ್ತೀನಿ,” ಎಂದಳು ದೊಡ್ಡಮ್ಮ ನೆಲ ನೋಡುತ್ತ. “ನಿನ್ನ ದನಿ ಅಂದ್ರೆ ಪ್ರಾಣ.”

ಅಮ್ಮನಿಗೆ ಸಿಟ್ಟಾಗಬೇಕೋ ಬೀಗಬೇಕೋ ತಿಳಿಯಲಿಲ್ಲ. ಸಿಟ್ಟನ್ನೇ ಆರಿಸಿಕೊಂಡಳು. “ಸಾಕು ನಾಟಕ. ಚೀಲ ತಗೋ. ಇದೇ ಟ್ಯಾಕ್ಸೀಲಿ ಮನೆಗೆ ನಡಿ. ರೂಮು ರೆಡಿ ಇದೆ.”

ದೊಡ್ಡಮ್ಮ ಜಮೀನ್ದಾರನನ್ನು ಎತ್ತಿಕೊಂಡು ಅವನ ಮುಖ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. ನನ್ನ ಸೋಫಾ ವಾಸಕ್ಕೆ ಶಾಶ್ವತ ಮುದ್ರೆ ಬಿದ್ದಿತು ಎಂದುಕೊಂಡೆ. ಆದರೆ ಆ ಹೊತ್ತಿನಲ್ಲಿ ನನಗೆ ಸೋಫಾದ ಯೋಚನೆ ನಿಜವಾಗಿ ಇರಲಿಲ್ಲ.

ಅಷ್ಟರಲ್ಲಿ ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಹಾಕಿ ಭಕ್ತಿಯಿಂದ ಕೇಳಿದ: “ಅಮ್ಮಾ, ಇವ್ರೇನಾ ನಿಮ್ಮ ಅಕ್ಕ? ಒಬ್ರೇ ಎರಡು ಬೆಟ್ಟ ದಾಟಿದೋರು? ಮರಳುಗಾಡಲ್ಲಿ ಟೈರ್ ಬದಲಾಯಿಸಿದೋರು?”

ದೊಡ್ಡಮ್ಮ ತಲೆಯೆತ್ತಿದಳು. “ಯಾವ ಮರಳುಗಾಡು?”

ಅಮ್ಮ ಸೆರಗು ಸರಿಮಾಡಿಕೊಂಡಳು. “ನೀನು ಬರೀ ನೀರು ಕಳಿಸ್ತಿದ್ರೆ ನಾನೇನು ಹೇಳ್ಲಿ ಜನಕ್ಕೆ?”

“ಜನಕ್ಕೆ ಅಂದ್ರೆ? ಯಾರ್ಯಾರಿಗೆ ಹೇಳಿದ್ದೀಯ?”

“ಎಲ್ರಿಗೂ. ಪಕ್ಕದ ಮನೆಯವಳು ತನ್ನ ಮಗಳು ಅಲ್ಲಿಗೆ ಹೋದ್ಲು ಇಲ್ಲಿಗೆ ಹೋದ್ಲು ಅಂತ ಕೊಚ್ಕೋತಾಳೆ. ನಾನು ಸುಮ್ನೆ ಕೂರ್ಬೇಕಾ? ಈ ವಾರ ನೀನು ದೋಣಿ ಮೇಲೆ ವ್ಯಾನು ಹತ್ತಿಸ್ತೀಯ ಅಂದಿದ್ದೀನಿ.”

ನಗು ಮೊದಲು ಬಂದದ್ದು ಟ್ಯಾಕ್ಸಿಯವನಿಗೆ. ಅಮ್ಮ ಅವನಿಗೆ ದುಡ್ಡು ಕೊಟ್ಟು ಕಳಿಸಿಬಿಟ್ಟಳು.

“ಈಗ ನೀನು ವಾಪಸ್ ಬಂದ್ರೆ ಆ ಪಕ್ಕದ ಮನೆಯವಳಿಗೆ ನಾನು ಹೇಗೆ ಮುಖ ತೋರಿಸ್ಲಿ?” ಎನ್ನುತ್ತ ವ್ಯಾನಿನ ಮುಂದಿನ ಸೀಟು ಹತ್ತಿದಳು. ನಾಯಿಯ ನೆರಳು ಕಂಡರೆ ಕಾಲು ತೊಳೆಯುವವಳು ಕೈ ಚಾಚಿದಳು. “ಕೊಡು ಆ ದಪ್ಪಂದು ಇಲ್ಲಿ. ಸಮುದ್ರ ಎಷ್ಟು ದೂರ ಇದ್ರೂ ಇವತ್ತು ಹೋಗ್ತೀವಿ.”

“ವಾಂತಿ ಮಾಡ್ತಾನೆ ಕಣೇ.”

“ನೀನೂ ಮಾಡ್ತಿದ್ದೆ ಚಿಕ್ಕೋಳಿದ್ದಾಗ. ನಿನ್ನ ತಲೆ ನನ್ನ ತೊಡೆ ಮೇಲೇನೇ ಇರ್ತಿತ್ತು. ಹತ್ತು ಸುಮ್ನೆ.”

ನಾನು ಗಡಿಬಿಡಿಯ ಜೊತೆ ಹಿಂದೆ ಮಂಚದ ಮೇಲೆ ಕೂತೆ. ದೊಡ್ಡಮ್ಮ ನಡೆಯುವವರೂ ನಾಚುವ ವೇಗದಲ್ಲಿ ಓಡಿಸಿದಳು. ಹಿಂದೆ ಲಾರಿಗಳು ಹಾರ್ನ್ ಹೊಡೆದವು, ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ತಿರುಗಿ ನೋಡಿದ. ಮೊದಲ ತಿರುವಿನಲ್ಲೇ ಜಮೀನ್ದಾರ ಅಮ್ಮನ ಮಡಿಲಿನಲ್ಲಿ ತನ್ನ ಕೆಲಸ ಮುಗಿಸಿದ. ದೊಡ್ಡಮ್ಮನ ಕಾಲು ಬ್ರೇಕಿನ ಮೇಲೆ ಹೋಯಿತು.

“ನಿಲ್ಲಿಸ್ಬೇಡ,” ಎಂದಳು ಅಮ್ಮ. “ನೀನು ಮುಂದೆ ನೋಡು ಅಕ್ಕಾ.” ನಂತರ ಹಿಂತಿರುಗದೆಯೇ ನನ್ನ ಕಡೆ ಕೈ ಚಾಚಿ, “ಲೋ, ಟವೆಲ್ಲು,” ಎಂದಳು.

ಟವೆಲುಗಳೆಲ್ಲ ಮುಗಿದಿದ್ದವು. ನಾನು ಅಂಗಿ ಬಿಚ್ಚಿ ಕೊಟ್ಟೆ.